ಹುಲ್ಲು ಬರಬೇಕಾದರೆ ಮೊದಲು ಗಾಳಿಗೆ ತಡಿಕೆ ಕಟ್ಟಿ

ಗಣಿ ಕೆಲಸ ಮುಗಿಸಿದವರು ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿಕೊಡಬೇಕು. ಮೇವು ಬೆಳೆಯುವಂತೆ, ಗಿಡಗಂಟಿ ಪ್ರಾಣಿಪಕ್ಷಿ ಬಾಳುವಂತೆ ಅದನ್ನು ಸರಿಪಡಿಸಿ ಬಿಟ್ಟುಹೋಗಬೇಕು. ಗಣಿ ಗುತ್ತಿಗೆಯ ಷರತ್ತುಗಳಲ್ಲೇ ಇದನ್ನು ಸೇರಿಸಿ ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶನ ಕೊಟ್ಟಿತು. ಅದೇ ತಿಂಗಳು ಪರಿಸರ ಸಚಿವಾಲಯ ಇದನ್ನು ಪರಿಸರ ಅನುಮತಿಯ ಷರತ್ತಾಗಿಯೂ ಮಾಡಿತು. ಗಿಡ ನೆಡಿ ಎಂಬ ಮಾತು ಗಣಿ ಕಾಗದಪತ್ರಗಳಲ್ಲಿ ಮೊದಲಿನಿಂದಲೂ ಇತ್ತು. ಹುಲ್ಲು ಬೆಳೆಸಿ ಎಂದು ನಾಡಿನ ಅತ್ಯುಚ್ಚ ನ್ಯಾಯಾಲಯ ಹೇಳಿದ್ದು ಕುರಿ, ದನ ಮೇಯಿಸುವವರ ಪಾಲಿಗೆ ದೊಡ್ಡ ಸಂಗತಿ.

ಆದರೆ ಹುಲ್ಲು ಆದೇಶಕ್ಕೆ ಚಿಗುರುವುದಿಲ್ಲ. ಅಗೆದು ಗುಡ್ಡೆ ಹಾಕಿದ ಮಣ್ಣಿನ ಮೇಲೆ ಬೀಜ ಚೆಲ್ಲಿ ಬಂದರೆ ಅದನ್ನು ಮೊದಲು ಎತ್ತಿಕೊಂಡು ಹೋಗುವುದು ಗಾಳಿ. ಬೀಜ ಉಳಿದರೂ ಅದರ ಸುತ್ತಲಿನ ನವಿರು ಮಣ್ಣು ಉಳಿಯುವುದಿಲ್ಲ, ಅದು ಉಳಿದರೂ ತೇವ ಉಳಿಯುವುದಿಲ್ಲ. ಆದ್ದರಿಂದ ಗಣಿ ನೆಲದ ದುರಸ್ತಿಯಲ್ಲಿ ಗಾಳಿಯನ್ನು ಪಳಗಿಸುವುದು ಮೊದಲ ಕೆಲಸ, ಬೀಜದ ಚೀಲ ಬಿಚ್ಚುವುದು ಆಮೇಲೆ. ಹೆಚ್ಚಿನ ಕಡೆ ಈ ಸರದಿ ತಿರುಗುಮುರುಗಾಗುತ್ತದೆ.

ಮಂಡ್ಯ ಸೀಮೆಗೆ ಈ ವಿಷಯ ತೀರಾ ಹತ್ತಿರದ್ದು. ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಹೆಸರನ್ನೇ ಒಂದು ಕುರಿ ತಳಿಗೆ ಕೊಟ್ಟ ಊರು. ಗಿಡ್ಡ ಕಾಲು, ತುಂಬಿದ ತೊಡೆ, ಕೊಂಬಿಲ್ಲದ ತಲೆಯ ಈ ಕುರಿಯನ್ನು ನೆರೆಯ ಬನ್ನೂರಿನ ಹೆಸರಿನಲ್ಲೂ ಕರೆಯುತ್ತಾರೆ. ಸರ್ಕಾರಿ ತಳಿ ದಾಖಲೆಯಲ್ಲಿ ಅದು ‘ಮಂಡ್ಯ’ ತಳಿ. ಅದೇ ತಾಲ್ಲೂಕಿನ ಧನಗೂರಿನಲ್ಲಿ ಅದಕ್ಕಾಗಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವೂ ಇದೆ. ವಿಶ್ವೇಶ್ವರಯ್ಯ ನಾಲೆಯ ನೀರು ಮುಟ್ಟಿದ ಕಡೆ ಕಬ್ಬು, ಭತ್ತ; ಮುಟ್ಟದ ಕಡೆ ರಾಗಿ, ಹುರುಳಿ, ಕುರಿ. ಮದ್ದೂರು, ಮಳವಳ್ಳಿಯ ಬೆದ್ದಲು ಬದುಕು ನಡೆಯುವುದು ಈ ಲೆಕ್ಕದಲ್ಲಿ. ಮೊಣಕಾಲೆತ್ತರದ ಈ ಕುರಿ ನೆಲಕ್ಕಂಟಿದ ಗರಿಕೆಯನ್ನು ಕಚ್ಚಿ ಮೇಯುತ್ತದೆ. ಧೂಳು ಬಂದು ಕೂರುವುದೂ ಆ ಗರಿಕೆಯ ಮೇಲೆಯೇ.

ಹುಲ್ಲಿನ ನೆಲದ ಬಗ್ಗೆ ನಮ್ಮ ಕಾನೂನಿಗೆ ಒಂದು ಲೆಕ್ಕ ಗೊತ್ತು. ಊರಿನ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು ಎನ್ನುತ್ತವೆ ಕರ್ನಾಟಕ ಭೂಕಂದಾಯ ನಿಯಮಗಳು. ಗೋಮಾಳದ ನಡುವೆ ಬಂಡೆಯಿದ್ದರೆ ಈ ಲೆಕ್ಕ ಸಡಿಲವಾಗುತ್ತದೆ. ಬಂಡೆಗೆ ಮೊದಲು ಗುತ್ತಿಗೆ ಬರುತ್ತದೆ, ಅದರ ಹಿಂದೆ ಕ್ರಷರ್ ಬರುತ್ತದೆ, ಅದರ ಹಿಂದೆ ಟಿಪ್ಪರ್ ಓಡಾಡುವ ದಾರಿ. ಹುಲ್ಲಿನ ನೆಲ ಈ ಮೂರರ ನಡುವೆ ತುಂಡುತುಂಡಾಗುತ್ತದೆ.

ಕಾವಲಿನ ಬೆಟ್ಟ

ಈ ಕತೆಯ ದೊಡ್ಡ ಉದಾಹರಣೆ ಜಿಲ್ಲೆಯ ಪಡುವಣ ಬದಿಯಲ್ಲಿದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟ ಮೂಲದಲ್ಲಿ ಅಮೃತ ಮಹಲ್ ಕಾವಲು. ಮೈಸೂರು ಅರಸರ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲು ಅದು. ಶಿವರಾತ್ರಿಯ ಆಸುಪಾಸಿನಲ್ಲಿ ಅಲ್ಲಿ ಈಗಲೂ ದನಗಳ ಜಾತ್ರೆ ಸೇರುತ್ತದೆ. ಅದೇ ಬೆಟ್ಟದ ಹೆಸರು ಕಳೆದ ಹಲವು ವರ್ಷಗಳಲ್ಲಿ ಪತ್ರಿಕೆಗಳಿಗೆ ಬಂದದ್ದು ಮಾತ್ರ ಕಲ್ಲು ಗಣಿಗಾರಿಕೆಯ ಕಾರಣಕ್ಕೆ. 2018ರ ಸೆಪ್ಟೆಂಬರಿನಲ್ಲಿ ಕೆ.ಆರ್.ಎಸ್. ಅಣೆಕಟ್ಟೆಯ ಸುತ್ತಮುತ್ತ ಕೇಳಿಬಂದ ಭಾರಿ ಸದ್ದಿನ ಹಿಂದೆ ಸ್ಫೋಟದ ಗುರುತು ಕಂಡ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅಣೆಕಟ್ಟೆಯ ಸುತ್ತ ಗಣಿಗಾರಿಕೆ ನಿಲ್ಲಿಸುವುದೇ ಕ್ಷೇಮ ಎಂದಿತು. 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಯಾವ ಗಣಿಗಾರಿಕೆಯೂ ಕೂಡದು ಎಂದು ಆದೇಶಿಸಿತು.

ಚರ್ಚೆಯೆಲ್ಲ ಅಣೆಕಟ್ಟೆಯ ಸುತ್ತ ಸುತ್ತಿದ್ದು ಸಹಜ. ಅದಕ್ಕೆ ಏನಾದರೂ ಆದರೆ ಮಂಡ್ಯವೇ ಇಲ್ಲ. ಆದರೆ ಸ್ಫೋಟ ನಿಂತ ಮಾತ್ರಕ್ಕೆ ಬೆಟ್ಟದ ಕತೆ ಮುಗಿಯುವುದಿಲ್ಲ. ಕ್ರಷರ್ ನಿಂತ ಮೇಲೂ ಅಲ್ಲಿ ಜಲ್ಲಿಪುಡಿಯ ರಾಶಿ, ಮೇಲ್ಮಣ್ಣು ಕಳೆದುಕೊಂಡ ಬಯಲು, ಗುಂಡಿಗಳ ಅಂಚಿನಲ್ಲಿ ಸುರಿದ ಗರಸುಮಣ್ಣಿನ ದಿಬ್ಬಗಳು ಉಳಿಯುತ್ತವೆ. ಕೋರ್ಟಿನ ಆದೇಶ ಟಿಪ್ಪರಿಗೆ ಅನ್ವಯಿಸುತ್ತದೆ, ಗಾಳಿಗೆ ಅನ್ವಯಿಸುವುದಿಲ್ಲ. ಪ್ರತಿ ಆಷಾಢದಲ್ಲೂ ಆ ಪುಡಿ ಮೂಡಣ ದಿಕ್ಕಿನ ಹೊಲಗಳಿಗೆ ಪಯಣ ಹೊರಡುತ್ತದೆ.

ಮುಚ್ಚಿದ ಗಣಿಯ ಧೂಳು ಎಷ್ಟು ಕಾಲ ಕಾಡಬಲ್ಲದು ಎಂಬುದಕ್ಕೆ ಕೋಲಾರ ಚಿನ್ನದ ಗಣಿ ಸಾಕ್ಷಿ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಮಿಗಿಲಾದ ಹುಡಿ ಮಾತ್ರ ಊರಿನ ನಡುವೆಯೇ ಗುಡ್ಡಗಳಾಗಿ ನಿಂತಿದೆ. ಸೈನೈಡ್ ದಿಬ್ಬ ಎಂದೇ ಜನ ಅದನ್ನು ಕರೆಯುವುದು. ಗಾಳಿ ಕಾಲ ಬಂದರೆ ಬೆಳ್ಳಗಿನ ಆ ಹುಡಿ ಕಿಟಕಿ ಸಂದಿಯಲ್ಲಿ ನುಗ್ಗಿ ಅಡುಗೆಮನೆವರೆಗೆ ಬರುತ್ತದೆ. ಎತ್ತರಕ್ಕೆ ಸುರಿದ ಗುಡ್ಡ, ಮೇಲೊಂದು ಹುಲ್ಲಿನ ಹೊದಿಕೆಯಿಲ್ಲ, ಗಾಳಿಗೆ ಅಡ್ಡ ಏನೂ ಇಲ್ಲ. ಮೂರೂ ಸೇರಿದರೆ ಗಣಿ ಸತ್ತ ಮೇಲೂ ಅದರ ಧೂಳು ಬದುಕಿರುತ್ತದೆ.

ಗಾಳಿ ಮಣ್ಣನ್ನು ಹೇಗೆ ಒಯ್ಯುತ್ತದೆ

ಧೂಳು ಆಕಾಶಕ್ಕೆ ಏರುವುದು ನಮಗೆ ಕಾಣುತ್ತದೆ, ಆದರೆ ನೆಲದ ಸವೆತ ನಡೆಯುವುದು ಪಾದದ ಹತ್ತಿರ. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾ ಎಂಜಿನಿಯರ್ ಈಜಿಪ್ಟ್, ಲಿಬಿಯಾದ ಮರಳುಗಾಡು ಸುತ್ತಿ, ಲಂಡನ್ನಿನಲ್ಲಿ ಗಾಳಿಸುರಂಗ ಕಟ್ಟಿ ಇದನ್ನು ಅಳೆದು ನೋಡಿದ. ಅವನ ಪುಸ್ತಕ 1941ರಲ್ಲಿ ಬಂತು. ಇವತ್ತಿಗೂ ಈ ವಿದ್ಯೆಗೆ ಅದೇ ಅಡಿಪಾಯ.

ಗಾಳಿಯಲ್ಲಿ ಮಣ್ಣು ಮೂರು ಬಗೆಯಲ್ಲಿ ಸಾಗುತ್ತದೆ. ದಪ್ಪ ಕಣಗಳು ನೆಲದ ಮೇಲೆ ಉರುಳುತ್ತವೆ. ಮರಳಿನ ಗಾತ್ರದ ಕಣಗಳು ನೆಗೆಯುತ್ತವೆ: ಒಂದಡಿ ಎತ್ತರದೊಳಗೆ ಹಾರಿ, ಮುಂದೆ ಬಿದ್ದು, ಬಿದ್ದ ಜಾಗದ ಕಣಗಳನ್ನು ಕುಟ್ಟಿ ಎಬ್ಬಿಸುತ್ತವೆ. ಹೀಗೆ ಎದ್ದ ನವಿರು ಹುಡಿ ಗಾಳಿಯಲ್ಲಿ ತೇಲಿ ಮೈಲಿಗಟ್ಟಲೆ ಹೋಗುತ್ತದೆ. ಸವೆತದ ದೊಡ್ಡ ಪಾಲು ಈ ನೆಗೆಯುವ ಕಣಗಳದ್ದು. ಅವುಗಳ ನೆಗೆತ ತಪ್ಪಿಸಿದರೆ ಹುಡಿ ಏಳುವುದೂ ತಾನಾಗಿ ತಗ್ಗುತ್ತದೆ. ಅಂದಮೇಲೆ ಮಣ್ಣು ಹಿಡಿದಿಡಲು ಮುಗಿಲೆತ್ತರದ ಗೋಡೆ ಬೇಕಿಲ್ಲ, ಮೊಣಕಾಲೆತ್ತರದ ಅಡ್ಡವೂ ದೊಡ್ಡ ಕೆಲಸ ಮಾಡುತ್ತದೆ.

ಇನ್ನೊಂದು ಲೆಕ್ಕವೂ ನಮ್ಮ ಪರವಾಗಿದೆ. ಗಾಳಿ ಒಯ್ಯುವ ಮರಳಿನ ಪ್ರಮಾಣ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಸಾಗಣೆ ಸುಮಾರು ಎಂಟು ಪಟ್ಟು. ವೇಗ ಅರ್ಧಕ್ಕಿಳಿದರೆ ಸಾಗಣೆ ಎಂಟನೆಯ ಒಂದು ಪಾಲು. ಒಂದು ಮಿತಿಗಿಂತ ಕೆಳಗಿಳಿದರೆ ಕಣ ಅಲ್ಲಾಡುವುದೇ ಇಲ್ಲ. ಗಾಳಿಯನ್ನು ಪೂರಾ ನಿಲ್ಲಿಸುವ ಹಟ ಬೇಡ, ಅರ್ಧ ತಗ್ಗಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಯಾವುದೇ ಕ್ರಷರ್ ಬಯಲಿನ ಎಕ್ಕದ ಗಿಡದ ಬಳಿ ಕುಕ್ಕರುಗಾಲಲ್ಲಿ ಕೂತು ನೋಡಿ. ಗಿಡದ ಪಡುವಣ ಬದಿಯಲ್ಲಿ ನೆಲ ಗುಡಿಸಿದ ಹಾಗೆ ಗಟ್ಟಿಯಾಗಿ, ಸಣ್ಣ ಕಲ್ಲುಗಳು ಮಾತ್ರ ಉಳಿದಿರುತ್ತವೆ. ಮೂಡಣ ಬದಿಯಲ್ಲಿ ನವಿರು ಹುಡಿ ಉದ್ದಕ್ಕೆ ಬಾಲದ ಆಕಾರದಲ್ಲಿ ಬಿದ್ದಿರುತ್ತದೆ, ಗಿಡದ ಬುಡದಲ್ಲಿ ದಪ್ಪ, ಎರಡು ಮೊಳ ದೂರದಲ್ಲಿ ತೆಳು. ಬೆರಳು ತೂರಿಸಿದರೆ ಒಣ ಎಲೆಯ ಚೂರು, ಕುರಿ ಹಿಕ್ಕೆಯ ಪುಡಿ, ಹುಲ್ಲಿನ ಬೀಜ ಸಿಗುತ್ತವೆ. ಒಂದು ಮಳೆ ಬಿದ್ದರೆ ಆ ಬಯಲಿನಲ್ಲಿ ಮೊದಲು ಹಸುರಾಗುವುದು ಈ ಬಾಲ. ಎಕ್ಕದ ಗಿಡ ಗಾಳಿಯನ್ನು ತಡೆದಿಲ್ಲ. ಕೊಂಬೆಗಳ ನಡುವೆ ಸೋಸಿ, ಅದರ ಕೈಯಲ್ಲಿದ್ದುದನ್ನು ಕೆಳಗಿಳಿಸಿದೆ. ಗಾಳಿತಡೆಯ ವಿದ್ಯೆಯೆಲ್ಲ ಇದರಲ್ಲಿ ಅಡಗಿದೆ.

ಪಕ್ಕದಲ್ಲೇ ತಲಕಾಡು

ಮಳವಳ್ಳಿ, ಬಂಡೂರಿನವರಿಗೆ ಮರಳು ಮತ್ತು ಗಾಳಿಯ ಪಾಠ ದೂರದ ಮರುಭೂಮಿಯಿಂದ ಬರಬೇಕಿಲ್ಲ. ಗಂಗರ ರಾಜಧಾನಿ, ಹೊಯ್ಸಳ ವಿಷ್ಣುವರ್ಧನ ಕೀರ್ತಿನಾರಾಯಣ ಗುಡಿ ಕಟ್ಟಿಸಿದ ತಲಕಾಡು ಮರಳಿನಡಿ ಹೋದದ್ದು ಪಕ್ಕದಲ್ಲೇ. ಅಲಮೇಲಮ್ಮನ ಶಾಪದ ಕತೆ ಎಲ್ಲರ ಬಾಯಲ್ಲಿದೆ. ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಆ ಕತೆಯ ಹಿಂದಿನ ಪರಿಸರದ ಏರುಪೇರನ್ನು ಹುಡುಕಿದರು. ವಿಜಯನಗರ ಕಾಲದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಯಿಂದ ಹೊಳೆಯ ಹರಿವು ಬದಲಾಗಿ, ಪಾತ್ರದಲ್ಲಿ ಮರಳು ಬಯಲಾಯಿತು. ನೈರುತ್ಯದ ಗಾಳಿ ಅದನ್ನು ಊರ ಮೇಲೆ ತಂದು ಸುರಿಯಿತು ಎಂಬುದು ಅವರ ವಾದ. ನದಿಯ ದಿಕ್ಕು ಬದಲಾದುದಕ್ಕೆ ಭೂಮಿಯ ಪದರಗಳ ಚಲನೆ ಕಾರಣ ಎನ್ನುವ ಭೂವಿಜ್ಞಾನಿಗಳೂ ಇದ್ದಾರೆ. ಮೂಲ ಯಾವುದಾದರೂ ಇರಲಿ, ಮರಳನ್ನು ಹೊತ್ತು ತಂದದ್ದು ಗಾಳಿ ಎನ್ನುವುದರಲ್ಲಿ ಜಗಳವಿಲ್ಲ.

ಪಾತಾಳೇಶ್ವರ, ಮರಳೇಶ್ವರ ಗುಡಿಗಳಿಗೆ ಇವತ್ತೂ ಮೆಟ್ಟಿಲಿಳಿದು ಹೋಗಬೇಕು. ಸುತ್ತ ನಿಂತಿರುವುದು ನೀಲಗಿರಿ ಮರಗಳು. ಅರಣ್ಯ ಇಲಾಖೆಯ ನೆಡುತೋಪು ಬೇರು ಬಿಟ್ಟ ಮೇಲೆ ದಿಬ್ಬಗಳ ಓಡಾಟ ತಗ್ಗಿತು. ತಲಕಾಡು ಎರಡು ಮಾತು ಹೇಳುತ್ತದೆ. ಒಂದು, ನೆಲದ ಒಂದು ಕಡೆ ಮಣ್ಣು ಬಯಲಾದರೆ ಅದರ ಬೆಲೆ ತೆರುವುದು ಗಾಳಿಯ ದಿಕ್ಕಿನಲ್ಲಿರುವ ಊರು. ಎರಡು, ಗಾಳಿಗೆ ಅಡ್ಡ ನಿಲ್ಲಿಸಿದರೆ ಮರಳೂ ಮಾತು ಕೇಳುತ್ತದೆ.

ಗೋಡೆ ಬೇಡ, ತಡಿಕೆ ಸಾಕು

ಕ್ರಷರ್‌ಗಳಿಗೆ ಕೇಂದ್ರ ಸರ್ಕಾರದ ಪರಿಸರ ನಿಯಮಗಳಲ್ಲಿ ಒಂದು ಪಟ್ಟಿಯಿದೆ. ಧೂಳು ಹೊರಬಾರದಂತೆ ಮುಚ್ಚಿಗೆ, ನೀರು ಸಿಂಪಡಣೆ, ಆವರಣದೊಳಗೆ ಗಟ್ಟಿ ರಸ್ತೆ, ಅಂಚಿನಲ್ಲಿ ಹಸಿರು ಪಟ್ಟಿ, ಜೊತೆಗೆ ಗಾಳಿ ತಡೆಯುವ ಗೋಡೆ. ಯಂತ್ರದ ಬಳಿ ಗೋಡೆ ಸರಿಯೇ, ಅಲ್ಲಿ ಧೂಳು ಹುಟ್ಟುವ ಜಾಗಕ್ಕೆ ಗಾಳಿ ತಗಲಬಾರದು. ಆದರೆ ಅದೇ ಗೋಡೆಯ ಬುದ್ಧಿಯನ್ನು ನೂರಾರು ಎಕರೆ ಬಯಲಿಗೆ ಒಯ್ದರೆ ಕೆಲಸ ಕೆಡುತ್ತದೆ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೇರಿ ಹಾರಿ, ಗೋಡೆಯ ಹಿಂದೆ ಸುಳಿಯಾಗಿ ಕೆಳಗೆ ಬೀಳುತ್ತದೆ. ಆ ಸುಳಿ ಕಾಪಾಡಬೇಕಾದ ಮಣ್ಣನ್ನೇ ಕೆದಕುತ್ತದೆ.

ಮೈಯ ಸುಮಾರು ಅರ್ಧ ಭಾಗ ತೆರಪಿರುವ ಅಡ್ಡ ಇದಕ್ಕಿಂತ ಮೇಲು. ಸ್ವಲ್ಪ ಗಾಳಿ ಸಂದಿಗಳಿಂದ ನುಸುಳಿ ನಿಧಾನವಾಗಿ ಆಚೆ ಹೋಗುತ್ತದೆ, ಮೇಲಿನಿಂದ ಹಾರಿದ ಗಾಳಿಗೆ ಸುಳಿಯಾಗಿ ಬೀಳಲು ಎಡೆ ಸಿಗುವುದಿಲ್ಲ. ಇಂಥ ಅಡ್ಡದ ಹಿಂದೆ ಅದರ ಎತ್ತರದ ಹತ್ತರಿಂದ ಹದಿನೈದು ಪಟ್ಟು ದೂರದವರೆಗೆ ಒಳ್ಳೆಯ ಮರೆ ಸಿಗುತ್ತದೆ. ಆರಡಿ ತಡಿಕೆ ಅರವತ್ತು ಅಡಿಗೂ ಮಿಕ್ಕ ನೆಲವನ್ನು ಕಾಯುತ್ತದೆ ಎಂದಾಯಿತು.

ಕಟ್ಟುವಾಗ ಮೂರು ಎಚ್ಚರ ಬೇಕು. ಅಡ್ಡ ಗಾಳಿಗೆ ಎದುರಾಗಿ ನಿಲ್ಲಬೇಕು. ನಮ್ಮಲ್ಲಿ ಜೋರು ಗಾಳಿ ಪಡುವಣ, ನೈರುತ್ಯದಿಂದ ಬರುವುದರಿಂದ ಸಾಲು ಹೆಚ್ಚುಕಡಿಮೆ ಬಡಗು ತೆಂಕಾಗಿ ಓಡಬೇಕು. ಸಾಲಿನ ತುದಿಗಳನ್ನು ಬಳಸಿಕೊಂಡು ಗಾಳಿ ಒಳಗೆ ತಿರುಗುವುದರಿಂದ ಸಾಲು ಉದ್ದವಾಗಿರಬೇಕು, ತುಂಡು ಬೇಲಿ ಪ್ರಯೋಜನವಿಲ್ಲ. ಮೂರನೆಯದು ಹೆಚ್ಚಿನವರು ಮರೆಯುವಂಥದ್ದು: ಓಡಾಟಕ್ಕೆಂದು ನಡುವೆ ಬಿಟ್ಟ ಕಂಡಿಯಲ್ಲಿ ಗಾಳಿ ಬಯಲಿಗಿಂತಲೂ ಬಿರುಸಾಗಿ ನುಗ್ಗುತ್ತದೆ. ದಾರಿ ಬಿಡಲೇಬೇಕಾದರೆ ಓರೆಯಾಗಿ ಬಿಡಬೇಕು, ಇಲ್ಲವೇ ಅದರ ಮುಂದೆ ಇನ್ನೊಂದು ಮರೆ ಕಟ್ಟಬೇಕು.

ದಿಬ್ಬವೂ ಹದಕ್ಕೆ ಬರಬೇಕು. ಗಾಳಿ ದಿಬ್ಬವೇರುವಾಗ ಅದರ ವೇಗ ನೆತ್ತಿಯ ಮೇಲೆ ಅತಿ ಹೆಚ್ಚು. ಹಾಗಾಗಿ ಕಡಿದಾಗಿ ಸುರಿದ ದಿಬ್ಬದ ನೆತ್ತಿ ತಗ್ಗಿಸಿ, ಮಗ್ಗುಲನ್ನು ಓರೆಗೊಳಿಸಬೇಕು. ಒಟ್ಟು ಇಳಿಜಾರು 28 ಡಿಗ್ರಿ ಮೀರಬಾರದು ಎಂಬುದು ಗಣಿ ಅನುಮತಿಗಳಲ್ಲಿ ಸಾಮಾನ್ಯವಾಗಿ ಬರುವ ಷರತ್ತು. ಸುಣ್ಣದುಂಡೆಯ ಹಾಗೆ ನಿಂತ ದಿಬ್ಬದ ಮೇಲೆ ಯಾವ ತಡಿಕೆಯೂ ನಿಲ್ಲದು, ಬೀಜವೂ ನಿಲ್ಲದು.

ರೈಲು ಹಳಿ, ಜೋಧಪುರ, ಒಳ ಮಂಗೋಲಿಯ

ಚೀನಾದ ನಿಂಗ್ಶಿಯಾ ಪ್ರಾಂತದ ಶಾಪೋತೌ ಎಂಬಲ್ಲಿ 1950ರ ದಶಕದಲ್ಲಿ ಬಾವೋತೌ–ಲಾಂಜೋ ರೈಲು ಹಳಿ ಮರಳು ದಿಬ್ಬಗಳ ನಡುವೆ ಹಾದುಹೋಗಬೇಕಾಗಿತ್ತು. ಅಲ್ಲಿನವರು ಒಣಹುಲ್ಲನ್ನು ಮರಳಿಗೆ ಗುದ್ದಲಿಯಿಂದ ಒತ್ತಿ ನೆಟ್ಟು, ಒಂದು ಮೀಟರ್ ಉದ್ದಗಲದ ಚೌಕಗಳನ್ನು ಚದುರಂಗದ ಮನೆಗಳಂತೆ ಹಾಸಿದರು. ಹುಲ್ಲು ನೆಲದಿಂದ ಮೇಲೆ ನಿಂತದ್ದು ಗೇಣುದ್ದಕ್ಕಿಂತ ಕಡಿಮೆ. ನೆಗೆಯುವ ಕಣಕ್ಕೆ ಅಷ್ಟೇ ಸಾಕಾಯಿತು. ಒಂದೊಂದು ಚೌಕವೂ ಮರಳು, ಹುಡಿ, ಬೀಜ ಹಿಡಿದಿಟ್ಟುಕೊಂಡಿತು. ಹುಲ್ಲು ಕೊಳೆಯುವ ಹೊತ್ತಿಗೆ ಪೊದೆಗಳು ಬೇರೂರಿದ್ದವು. 1958ರಲ್ಲಿ ಓಡತೊಡಗಿದ ರೈಲು ಇವತ್ತೂ ಓಡುತ್ತಿದೆ.

ನಮ್ಮಲ್ಲೇ ಜೋಧಪುರದ ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆ ಥಾರ್ ಮರುಭೂಮಿಯ ದಿಬ್ಬಗಳಿಗೆ ಇದೇ ಜಾತಿಯ ಉಪಾಯ ಹೂಡಿತು. ಸ್ಥಳೀಯ ಪೊದೆಗಳ ಕಡ್ಡಿಯನ್ನು ಸಾಲಾಗಿ ತಲೆಕೆಳಗು ಹೂಳಿ, ಸಾಲುಗಳ ನಡುವೆ ಹುಲ್ಲು ಬಿತ್ತಿ, ಸಸಿ ನೆಡುವ ಕ್ರಮ ಅದು. ಕಡ್ಡಿ ಅಲ್ಲಿಯದೇ, ಕೂಲಿ ಅಲ್ಲಿಯವರದೇ.

ಹುಲ್ಲುಗಾವಲು ಮತ್ತು ಗಣಿ ನೇರವಾಗಿ ಮುಖಾಮುಖಿಯಾದದ್ದು ಚೀನಾದ ಒಳ ಮಂಗೋಲಿಯದಲ್ಲಿ. ಕುರಿ ಮೇಯುವ ಶಿಲಿನ್‌ಗೋಲ್ ಬಯಲಿನಡಿ ಕಲ್ಲಿದ್ದಲು ಸಿಕ್ಕಿತು. ತೆರೆದ ಗಣಿಗಳು ಬಂದವು, ಮಣ್ಣಿನ ದಿಬ್ಬಗಳು ಎದ್ದವು, ಮೇವಿನ ನೆಲದ ಮೇಲೆ ಲಾರಿಗಳು ಓಡಿದವು, 2011ರಲ್ಲಿ ಕುರಿಗಾಹಿಗಳು ಬೀದಿಗಿಳಿದರು. ಅಲ್ಲಿ ಗಣಿ ದಿಬ್ಬಗಳ ಮೇಲೆ ಒಣಹುಲ್ಲು, ಪೊದೆಕಡ್ಡಿ, ನೈಲಾನ್ ಬಲೆಗಳ ಚೌಕ ಕಟ್ಟಿ ಹುಲ್ಲು ಬೆಳೆಸುವ ಕೆಲಸ ನಡೆದಿದೆ. ಅಲ್ಲಿಂದ ನಾವು ಕಲಿಯಬಹುದಾದದ್ದು ಸರದಿ: ಮೊದಲು ದಿಬ್ಬದ ಆಕಾರ, ಆಮೇಲೆ ಅಡ್ಡ, ಅದರ ಮರೆಯಲ್ಲಿ ಹುಲ್ಲು.

ನಮ್ಮ ಹಿತ್ತಿಲಲ್ಲೇ ಸಾಮಾನು

ಮಂಡ್ಯ ಜಿಲ್ಲೆಗೆ ಒಣಹುಲ್ಲಿನ ಬರವಿದೆ. ಭತ್ತದ ಹುಲ್ಲನ್ನೂ ರಾಗಿ ಹುಲ್ಲನ್ನೂ ದನ ತಿನ್ನಬೇಕು, ಮಣ್ಣಿಗೆ ಹೂಳುವಂತಿಲ್ಲ. ಆದರೆ ದನ ತಿನ್ನದ ಕಸ ಬೇಕಾದಷ್ಟಿದೆ. ಮದ್ದೂರು, ಮಳವಳ್ಳಿಯ ರೇಷ್ಮೆ ಬೆಳೆಗಾರರ ಮನೆಯಲ್ಲಿ ಹುಳು ಸೊಪ್ಪು ತಿಂದ ಮೇಲೆ ಹಿಪ್ಪುನೇರಳೆ ಕಡ್ಡಿ ಕಂತೆಕಂತೆಯಾಗಿ ಉಳಿಯುತ್ತದೆ. ತೆಂಗಿನ ಗರಿ ತೋಟದಲ್ಲಿ ಬಿದ್ದಿರುತ್ತದೆ. ಕಬ್ಬಿನ ತರಗಿಗೆ ಎಷ್ಟೋ ಕಡೆ ಗದ್ದೆಯಲ್ಲೇ ಬೆಂಕಿ ಇಡುತ್ತಾರೆ. ಈ ಮೂರೂ ತಡಿಕೆಯ ಸಾಮಾನೇ.

ಕಟ್ಟುವುದೂ ನಮ್ಮವರಿಗೆ ಹೊಸದಲ್ಲ. ಎರಡಡಿಗೊಂದು ಗೂಟ ಹೊಡೆದು, ಅಡ್ಡಕ್ಕೆ ಎರಡು ದಬ್ಬೆ ಕಟ್ಟಿ, ಹಿಪ್ಪುನೇರಳೆ ಕಡ್ಡಿಯನ್ನು ನೆಟ್ಟಗೆ ಹೆಣೆಯುತ್ತ ಹೋಗಬೇಕು. ಅಳತೆಪಟ್ಟಿ ಬೇಡ: ನಾಲ್ಕು ಬೆರಳು ಕಡ್ಡಿ, ನಾಲ್ಕು ಬೆರಳು ತೆರಪು. ಆಚೆ ನಿಂತವರ ಮುಖದ ಗುರುತು ಹತ್ತಬೇಕು, ಪೂರಾ ಕಾಣಬಾರದು, ಅದೇ ಹದ. ಕುರಿ ರೊಪ್ಪದ ಬೇಲಿ ಹೆಣೆದ ಕೈಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಸಾಲುಗಳ ನಡುವಿನ ನೆಲದಲ್ಲಿ ಕಬ್ಬಿನ ತರಗನ್ನು ಚೌಕಚೌಕವಾಗಿ ಒತ್ತಬಹುದು. ಗೆದ್ದಲು ಇದನ್ನೆಲ್ಲ ಬಹಳ ಕಾಲ ಉಳಿಸುವುದಿಲ್ಲ, ನಿಜ. ಆದರೆ ಇದರ ಆಯುಸ್ಸು ಹುಲ್ಲು ಬೇರೂರುವವರೆಗೆ ಸಾಕು. ಕೊಳೆತರೆ ಗೊಬ್ಬರವೇ ಆಯಿತು.

ನರ್ಸರಿಯ ಹಸಿರು ನೆರಳುಬಲೆ ಸುಲಭಕ್ಕೆ ಸಿಗುತ್ತದೆ, ತೆರಪೂ ಸಮನಾಗಿರುತ್ತದೆ. ಆದರೆ ಅದು ಬಿಸಿಲಿಗೆ ಚಿಂದಿಯಾಗಿ, ಚಿಂದಿ ಮೇವಿನ ಜೊತೆ ಕುರಿಯ ಹೊಟ್ಟೆ ಸೇರುತ್ತದೆ. ಮೇಯುವ ನೆಲವನ್ನು ಉಳಿಸಹೊರಟು ಪ್ಲಾಸ್ಟಿಕ್ ಬಿತ್ತಬಾರದು.

ತಡಿಕೆ ಕೊಳೆಯುವ ಹೊತ್ತಿಗೆ ಅದರ ಜಾಗಕ್ಕೆ ಜೀವಂತ ಬೇಲಿ ಬರಬೇಕು. ಇದಕ್ಕೆ ನಮ್ಮ ಸೀಮೆಯ ಲಾವಂಚಕ್ಕಿಂತ ನಂಬಿಗಸ್ತ ಹುಲ್ಲು ಇನ್ನೊಂದಿಲ್ಲ. ಗುಂಡ್ಲುಪೇಟೆ ಕಡೆಯ ರೈತರು ಬದುಗಳ ಮೇಲೆ ಲಾವಂಚದ ಸಾಲು ನೆಟ್ಟು ತಲೆಮಾರುಗಳೇ ಕಳೆದಿವೆ. 1980ರ ದಶಕದಲ್ಲಿ ಮಣ್ಣು ಉಳಿಸಲು ಲಾವಂಚವನ್ನು ಜಗತ್ತಿಗೆಲ್ಲ ಸಾರಿದ ವಿಶ್ವಬ್ಯಾಂಕಿನ ತಜ್ಞರಿಗೂ ಆ ಬದುಗಳು ಪಾಠ ಹೇಳಿದವು. ಒತ್ತಾಗಿ ನೆಟ್ಟ ಲಾವಂಚ ನೀರಿನಲ್ಲಿ ಕೊಚ್ಚಿಬಂದ ಮಣ್ಣನ್ನೂ ಗಾಳಿಯಲ್ಲಿ ನೆಗೆದುಬಂದ ಕಣವನ್ನೂ ಹಿಡಿಯುತ್ತದೆ. ಬೇರು ಆಳಕ್ಕಿಳಿಯುತ್ತದೆ, ಅಕ್ಕಪಕ್ಕ ಹರಡುವುದಿಲ್ಲ. ಸಾಲುಗಳ ನಡುವೆ ಗರಿಕೆ, ಅಂಜನ್ ಹುಲ್ಲು, ಸ್ಟೈಲೋ ಬಿತ್ತಬಹುದು. ಕ್ರಷರ್ ಬಯಲಿನ ಪಡುವಣ ಅಂಚಿಗೆ ಹೊಂಗೆ, ಬೇವು ಎರಡು ಸಾಲು ನಿಂತು, ಅವುಗಳ ಬುಡ ಮರೆಯಾಗುವಂತೆ ಮುಂದೆ ಗ್ಲಿರಿಸಿಡಿಯಾ, ಕತ್ತಾಳೆ ಇದ್ದರೆ ಸಾಕು.

ಮಳೆ ಲೆಕ್ಕ ತಪ್ಪಬಾರದು

ಇಲಾಖೆಗಳ ವನಮಹೋತ್ಸವ ಜೂನ್, ಜುಲೈನಲ್ಲಿ. ಮಲೆನಾಡಿಗೆ ಅದು ಸರಿ. ಮಂಡ್ಯಕ್ಕೆ ವರ್ಷಕ್ಕೆ ಬೀಳುವುದೇ ಸುಮಾರು 700 ಮಿಲಿಮೀಟರ್ ಮಳೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನ್, ಜುಲೈ ಎಂದರೆ ಇಲ್ಲಿ ಮೋಡ ಓಡುವ, ಮಳೆ ಕಡಿಮೆ ಬೀಳುವ, ಗಾಳಿ ಬೀಸುವ ಕಾಲ. ಆಗ ದಿಬ್ಬದ ಮೇಲೆ ಬೀಜ ಚೆಲ್ಲುವುದು ಗಾಳಿಗೆ ದಾನ ಕೊಟ್ಟಂತೆ.

ರಾಗಿ ಬೆಳೆಯುವವರ ಪಂಚಾಂಗವೇ ಇಲ್ಲಿ ದಾರಿ ತೋರಿಸುತ್ತದೆ. ಬೇಸಗೆಯಲ್ಲಿ ದಿಬ್ಬ ಓರೆ ಮಾಡಿ, ರೋಹಿಣಿ ಮುಗಿಯುವುದರೊಳಗೆ ತಡಿಕೆ ನಿಲ್ಲಿಸಬೇಕು. ಆಷಾಢದ ಗಾಳಿ ಬಂದು ತಡಿಕೆಯ ಹಿಂದೆ ಹುಡಿ, ಕಸ, ಬೀಜ ಸುರಿದು ಹೋಗಲಿ; ಆ ಕೆಲಸವನ್ನು ಅದೇ ಪುಕ್ಕಟೆ ಮಾಡಿಕೊಡುತ್ತದೆ. ಗಾಳಿಯ ಬಿರುಸು ಇಳಿದ ಮೇಲೆ, ಮಖೆ, ಹುಬ್ಬೆಯ ಹೊತ್ತಿಗೆ, ಸಗಣಿ ಮಣ್ಣಿನಲ್ಲಿ ಉಂಡೆ ಕಟ್ಟಿದ ಹುಲ್ಲುಬೀಜ ಹಾಕಿ, ಲಾವಂಚದ ಬುಡ ನೆಟ್ಟರೆ ಉತ್ತರೆ, ಹಸ್ತ, ಚಿತ್ತೆಯ ಮಳೆ ಅದನ್ನು ಎತ್ತಿಕೊಳ್ಳುತ್ತದೆ. ಹುಲ್ಲು ಗಟ್ಟಿಯಾಗುವವರೆಗೆ ಮೇಯಲು ಬಿಡುವಂತಿಲ್ಲ. ಇದು ಕುರಿಗಾಹಿಗಳನ್ನು ಕೂರಿಸಿ ಮೊದಲೇ ಒಪ್ಪಂದವಾಗಬೇಕಾದ ಮಾತು. ಕಾವಲುಗಾರನನ್ನು ಇಟ್ಟು ಅವರನ್ನು ಅಟ್ಟುವುದಾದರೆ ಬೇಲಿ ಒಂದು ರಾತ್ರಿ ಉರುವಲಾಗುತ್ತದೆ. ಆಮೇಲೆ ಅವರ ಮಂದೆಯನ್ನು ಅಲ್ಲೇ ರಾತ್ರಿ ನಿಲ್ಲಿಸಿದರೆ ಹಿಕ್ಕೆ, ಗಂಜಲದಿಂದ ಸತ್ತ ಮಣ್ಣಿಗೆ ಜೀವ ಬರುತ್ತದೆ. ಹೊಲಕ್ಕೆ ಮಂದೆ ಹಾಕಿಸಲು ರೈತರು ಕಾಸು ಕೊಡುವುದು ಇದಕ್ಕೇ ಅಲ್ಲವೇ?

ಬೇಲಿಯೇ ನೆಲ ನುಂಗಬಾರದು

ಗಾಳಿತಡೆಯ ಹೆಸರಿನಲ್ಲಿ ಆಗಬಹುದಾದ ಅನಾಹುತಕ್ಕೆ ಗುಜರಾತಿನ ಕಛ್‌ನ ಬನ್ನಿ ಹುಲ್ಲುಗಾವಲು ಉದಾಹರಣೆ. ಉಪ್ಪುನೆಲ ಮುಂದೊತ್ತಿ ಬರುವುದನ್ನು ತಡೆಯಲೆಂದು 1960ರ ದಶಕದಲ್ಲಿ ಅರಣ್ಯ ಇಲಾಖೆ ಅಲ್ಲಿ ಬಳ್ಳಾರಿ ಜಾಲಿ ಬಿತ್ತಿಸಿತು. ದನ ಅದರ ಕಾಯಿ ತಿಂದು ಬೀಜವನ್ನು ಎಲ್ಲೆಡೆ ಹರಡಿತು. ಹುಲ್ಲುಗಾವಲಿನ ಅರ್ಧಕ್ಕಿಂತ ಹೆಚ್ಚು ಭಾಗ ಜಾಲಿಯ ಪಾಲಾಯಿತು, ಪಶುಪಾಲಕರಲ್ಲಿ ಹಲವರು ಇದ್ದಿಲು ಸುಡುವ ಕಸುಬಿಗೆ ಇಳಿದರು. ನಮ್ಮ ಗೋಮಾಳಗಳಲ್ಲೂ ಜಾಲಿ ಮತ್ತು ನೀಲಗಿರಿ ಹಬ್ಬಿದ ಕತೆ ಬೇರೆಯಲ್ಲ. ನೀಲಗಿರಿ ಹೊಸದಾಗಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ತಲಕಾಡಿನ ಮರಳು ದಿಬ್ಬಕ್ಕೆ ಸೈ ಎನಿಸಿದ ಮರ ಬಂಡೂರಿನ ಮೇವಿನ ನೆಲಕ್ಕೆ ಹೊಂದುವುದಿಲ್ಲ. ಮರ ಅಂಚಿನಲ್ಲಿರಲಿ, ನಡುವೆ ಹುಲ್ಲಿರಲಿ.

ಇನ್ನೊಂದು ಅಪಾಯ ಕಾಗದದ್ದು. ಗಾಳಿತಡೆ ಕಟ್ಟಿದ್ದೇವೆ ಎಂಬುದು ಹೊಸ ಗುತ್ತಿಗೆ ಕೇಳಲು ನೆಪವಾಗಬಾರದು. ಬೆಟ್ಟ ಹೋದರೆ ಬೆಟ್ಟ ಬರುವುದಿಲ್ಲ. ತಡಿಕೆ ಕಾಪಾಡುವುದು ಉಳಿದ ಮಣ್ಣನ್ನಷ್ಟೆ. ಕ್ರಷರ್ ಓಡುತ್ತಿರುವಾಗ ಧೂಳನ್ನು ಹುಟ್ಟುವಲ್ಲೇ ಹಿಡಿಯಬೇಕು, ಕಲ್ಲಿನ ನವಿರು ಹುಡಿ ಎಳೆಯುವ ಕೂಲಿಗಳ ಶ್ವಾಸಕೋಶವನ್ನು ಯಾವ ಹಸಿರು ಪಟ್ಟಿಯೂ ಉಳಿಸದು. ಮೊದಲ ದಿನ ಕೆತ್ತಿ ತೆಗೆದ ಮೇಲ್ಮಣ್ಣನ್ನು ಬೇರೆಯಾಗಿ ಇಟ್ಟು, ಬೇಗ ವಾಪಸು ಹಾಸಬೇಕು. ಊರಿನ ಹುಲ್ಲುಗಳ ಬೀಜ ಇರುವುದು ಅದರಲ್ಲಿ. ಅದನ್ನು ಮನೆ ಪಾಯಕ್ಕೆ ಮಾರಿಕೊಂಡ ಮೇಲೆ ತಡಿಕೆ ಕಟ್ಟಿ ಫಲವಿಲ್ಲ.

ದುಡ್ಡಿಗೆ ದಾರಿಯಿಲ್ಲ ಎನ್ನುವಂತಿಲ್ಲ. ಗಣಿಬಾಧಿತ ಊರುಗಳ ಒಳಿತಿಗೆಂದೇ ಗಣಿ ಕಾಯ್ದೆಯ 2015ರ ತಿದ್ದುಪಡಿಯ ನಂತರ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿವೆ. ಬಳ್ಳಾರಿ, ಚಿತ್ರದುರ್ಗ, ತುಮಕೂರಿನಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ, ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ತಯಾರಾಗದೆ ಕೆಲಸ ಮತ್ತೆ ಶುರುವಾಗಲಿಲ್ಲ. ದಿಬ್ಬಗಳಿಗೆ ತೆಂಗಿನ ನಾರಿನ ಬಲೆ, ಕಲ್ಲಿನ ತಡೆಗೋಡೆ, ನೀರುಗಾಲುವೆ ಬಂದದ್ದು ಆ ಯೋಜನೆಗಳಿಂದ. ಸಂಡೂರಿನ ಅದಿರಿಗೆ ಒಪ್ಪುವ ಶಿಸ್ತು ಪಾಂಡವಪುರದ, ಮದ್ದೂರಿನ ಜಲ್ಲಿಗೆ ಏಕೆ ಒಪ್ಪಬಾರದು? ಜಲ್ಲಿ ಸಣ್ಣ ಖನಿಜವೆಂದು ಕಾನೂನು ಕರೆದರೂ ಅದರ ಧೂಳು ಸಣ್ಣದಲ್ಲ.

ಉಳಿದಿರುವುದು ಕೆಲಸ ಮುಗಿಯಿತೆಂದು ಸಹಿ ಹಾಕುವ ಬಗೆ. ಈಗ ವರದಿಗಳಲ್ಲಿ ಕಾಣುವುದು ಎಷ್ಟು ಸಸಿ ನೆಟ್ಟೆವು ಎಂಬ ಸಂಖ್ಯೆ. ಹುಲ್ಲಿನ ನೆಲಕ್ಕೆ ಅದು ಅಳತೆಯೇ ಅಲ್ಲ. ಮೂರನ್ನು ಅಳೆಯಲಿ: ಆಷಾಢದಲ್ಲಿ ತಡಿಕೆಯ ಎರಡೂ ಬದಿಯಲ್ಲಿ ಮೊಣಕಾಲೆತ್ತರಕ್ಕೆ ಇಟ್ಟ ಡಬ್ಬಿಗಳಲ್ಲಿ ಬಿದ್ದ ಮಣ್ಣಿನ ತೂಕ, ಚಿತ್ತೆ ಮಳೆ ಕಳೆದ ಮೇಲೆ ಎಷ್ಟು ಪಾಲು ನೆಲ ಹುಲ್ಲಿನಿಂದ ಮುಚ್ಚಿದೆ ಎಂಬುದು, ಬೇಲಿ ತೆಗೆದು ಮೇಯಲು ಬಿಟ್ಟ ಮರುವರ್ಷವೂ ಆ ಹುಲ್ಲು ಮತ್ತೆ ಬಂತೇ ಎಂಬುದು. ಮೂರಕ್ಕೂ ದುಬಾರಿ ಯಂತ್ರ ಬೇಡ, ಊರಿನ ಹೈಸ್ಕೂಲ್ ಮಕ್ಕಳೂ ಅಳೆಯಬಲ್ಲರು. ಗಣಿ ಗುತ್ತಿಗೆದಾರನ ಠೇವಣಿ ವಾಪಸು ಕೊಡುವ ಮುನ್ನ ಅಧಿಕಾರಿ ಈ ಮೂರು ಲೆಕ್ಕ ಕೇಳಲಿ, ಆ ಹಾಳೆಯ ಕೆಳಗೆ ಆ ನೆಲದಲ್ಲಿ ಕುರಿ ಮೇಯಿಸುವವರ ಹೆಬ್ಬೆಟ್ಟೂ ಬೀಳಲಿ.